ಬರೀ ರಕ್ತದ ಗಂಟು

ಫೆಬ್ರವರಿ 9, ಸೋಮವಾರ

ರಕ್ತದ ಗಂಟಂತೆ, ಬರೀ ರಕ್ತದ ಗಂಟಂತೆ, ಬೇರೇನೂ ಅಲ್ಲವಂತೆ! ಇದನ್ನು ಬರೆಯಬೇಕೆಂದೇ ಬಸ್ಸಿಳಿದು ಓಡಿ ಬಂದಿದ್ದೇನೆ, ಇನ್ನೂ ಚಪ್ಪಲಿ ಕೂಡ ಬಿಟ್ಟಿಲ್ಲ. ಇಷ್ಟು ದಿನ ನುಂಗಲಾರದೆ ಉಗುಳಲಾರದೆ ಇಟ್ಟುಕೊಂಡಿದ್ದ ಭಯ ಇವತ್ತು ಮಧ್ಯಾಹ್ನ ಪುಸ್ ಅಂತ ಹೋಯಿತು.

ಮೊದಲಿನಿಂದ ಹೇಳುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ಮನೆಮಾತಿನಲ್ಲಿ ಇಷ್ಟುದ್ದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಯಾರು ತಾನೇ ನೋಡುತ್ತಾರೆ!

ನನ್ನ ಗಂಡ (ನನ್ನ ಗಂಡ! ಈ ಪದ ಬರೆಯುವಾಗ ಈಗಲೂ ನಗು ಬರುತ್ತದೆ) ಶಾಲೆಯಲ್ಲಿ ಆಟದ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ. ಮಕ್ಕಳು ಬೆನ್ನ ಹಿಂದೆ ಪೀಪಿ ಮೇಷ್ಟ್ರು ಅನ್ನುತ್ತಾರೆ, ನಾನು ಎದುರಿಗೇ ಪೀಪಿ ಅನ್ನುತ್ತೇನೆ. ಚಹಾ ಆದರೆ ಅಡುಗೆಮನೆಯಿಂದ ಒಂದು ಸಲ ಊದುತ್ತಾನೆ. ನಾನು ಮುನಿಸಿಕೊಂಡರೆ ಎರಡು ಸಲ. ಅದು ಫೌಲ್ ಅಂತೆ. ಹೋದ ತಿಂಗಳು ಫುಟ್‌ಬಾಲ್ ಆಡಿಸುವಾಗ ಯಾರದೋ ಮೊಣಕಾಲು ಎಡತೊಡೆಗೆ ಬಡಿದು ಊದಿಕೊಂಡಿತು. ನೋವು ಹೋಯಿತು, ಊತ ಹೋಗಲಿಲ್ಲ. ಒತ್ತಿದರೆ ಒಳಗೆ ಗಟ್ಟಿ. ಆಸ್ಪತ್ರೆಯವರು ಎಂಆರ್‌ಐ ಮಾಡಿಸಿ ಅಂದರು. ನಾನೇ ಎಂಆರ್‌ಐ ಟೆಕ್ನಿಷಿಯನ್! ಅಂದಮೇಲೆ ಬೇರೆ ಯಾರು ಮಾಡಬೇಕು?

ಇವತ್ತು ನನ್ನ ಶಿಫ್ಟಿನ ಕೊನೆಯ ಪೇಷಂಟ್ ಅವನೇ. ಸೀಟಿ ಬಿಚ್ಚಿಸಿ ಲಾಕರಿನಲ್ಲಿಟ್ಟೆ. "ಲೋಹ ಒಳಗೆ ಬರಂಗಿಲ್ಲ, ಅಯಸ್ಕಾಂತ ಎಳೆದುಕೊಳ್ಳುತ್ತೆ" ಅಂದರೆ, "ನಿನಗಿಂತ ಜೋರಾಗಿ ಎಳೆಯುತ್ತಾ?" ಅಂತ ಕೇಳಿದ, ಹೊರಗೆ ಕೂತಿದ್ದ ಅಜ್ಜಿಗೂ ಕೇಳಿಸುವ ಹಾಗೆ. ಗಂಟಿರುವ ಕಡೆ ಚರ್ಮದ ಮೇಲೆ ಒಂದು ಮೀನೆಣ್ಣೆ ಮಾತ್ರೆ ಅಂಟಿಸುವುದು ನಮ್ಮ ಪದ್ಧತಿ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆದು, ನೋಡಬೇಕಾದ್ದು ಇಲ್ಲಿದೆ ಅಂತ ತೋರಿಸುತ್ತದೆ. ನಾನು ಅವನಿಗೆ ಎರಡು ಅಂಟಿಸಿದೆ, ಒಂದು ಅವನದು, ಒಂದು ನನ್ನದು.

ಗಂಟಿನ ಕೇಸ್ ಆದರೆ ಮೊದಲ ಸುತ್ತಿನ ಚಿತ್ರಗಳಾದ ಮೇಲೆ ಇಂಟರ್‌ಕಾಮಿನಲ್ಲಿ ಗೂಬೆ ಸಾರ್‌ಗೆ ಕೇಳಬೇಕು. ಗೂಬೆ ಸಾರ್ ನಮ್ಮ ರೇಡಿಯಾಲಜಿಸ್ಟ್. ಕತ್ತಲೆ ಕೋಣೆಯಲ್ಲಿ ಪರದೆಗಳ ಮುಂದೆ ಕೂತು ಚಿತ್ರ ಓದುತ್ತಾರೆ, ಹೊರಗೆ ಬಂದದ್ದನ್ನು ಕಂಡವರಿಲ್ಲ. ಅವರು ಸಾಮಾನ್ಯವಾಗಿ "ಇಂಜೆಕ್ಷನ್ ಕೊಟ್ಟು ಇನ್ನೊಂದು ಸುತ್ತು ತೆಗಿ" ಅನ್ನುತ್ತಾರೆ, ಇವತ್ತೂ ಅಂದರು. ರಕ್ತನಾಳಕ್ಕೆ ಕೊಡುವ ಆ ಔಷಧಿ ರಕ್ತ ಹರಿಯುವ ಕಡೆಯೆಲ್ಲ ಹೋಗಿ ಚಿತ್ರದಲ್ಲಿ ಬೆಳಗುತ್ತದೆ. ಹೆಪ್ಪುಗಟ್ಟಿದ ಸತ್ತ ರಕ್ತ ಅದನ್ನು ಕುಡಿಯುವುದಿಲ್ಲ. ಬೆಳೆಯುವ ಗಡ್ಡೆ ಕುಡಿಯುತ್ತದೆ.

ಆದರೆ ಪೀಪಿಗೆ ಸೂಜಿ ಅಂದರೆ ಪ್ರಾಣಭಯ! ಅಷ್ಟೆತ್ತರದ ಆಳು, ಸೂಜಿ ಕಂಡರೆ ಬೆಕ್ಕಿನ ಮುಂದಿನ ಇಲಿ. ಆದರೂ ನಾನು ಟ್ರೇ ಹಿಡಿದು ಒಳಗೆ ಹೋದಾಗ ಪಾಪ, ತಾನೇ ಕೈ ಚಾಚಿದ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ನಿನ್ನ ಕೈಯಿಂದ ಅಂದ್ರೆ ಪರವಾಗಿಲ್ಲ. ಹಾಕು" ಅಂದ. ಹಣೆಯ ಮೇಲೆ ಬೆವರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಅಂಗೈಗೊಂದು ಮುತ್ತು ಕೊಟ್ಟು, ಕೈ ಮಡಚಿ ಅವನ ಎದೆಯ ಮೇಲಿಟ್ಟೆ. "ಬೇಡ ಹೋಗು, ನಿನಗ್ಯಾಕೋ ಸೂಜಿ" ಅಂದೆ. ಗೂಬೆ ಸಾರ್‌ಗೆ "ಪೇಷಂಟ್ ಒಪ್ತಾ ಇಲ್ಲ ಸಾರ್" ಅಂತ ಒಂದು ಪುಟ್ಟ ಸುಳ್ಳು. "ಹ್ಞೂಂ, ಇದ್ದಿದ್ರಲ್ಲಿ ನೋಡ್ತೀನಿ" ಅಂದರು.

ಇದ್ದದ್ದರಲ್ಲಿ ನೋಡಿ ಹೇಳಿದ್ದು: ಪೆಟ್ಟು ಬಿದ್ದಿದೆ, ಹೆಪ್ಪುಗಟ್ಟಿದ ರಕ್ತದಂತೆ ಕಾಣುತ್ತಿದೆ, ಆರು ವಾರದ ಮೇಲೆ ಇಂಜೆಕ್ಷನ್ ಸಮೇತ ಮತ್ತೊಮ್ಮೆ ಮಾಡಿ. ಈ ಕೊನೆಯ ಮಾತು ಅವರ ಎಲ್ಲ ರಿಪೋರ್ಟಿನಲ್ಲೂ ಇರುತ್ತದೆ, ಸಿಗರೇಟ್ ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆಯ ಹಾಗೆ.

ಅಡುಗೆಮನೆಯಿಂದ ಸೀಟಿ. ಹೋಗುತ್ತೇನೆ!

ಫೆಬ್ರವರಿ 15, ಭಾನುವಾರ

ಇವತ್ತು ಕಂಟ್ರೋಲ್ ರೂಮ್‌ನಿಂದ ಎರಡು ಕರೆ. ಕಂಟ್ರೋಲ್ ರೂಮ್ ಅಂದರೆ ಅತ್ತೆ. ಮಾವ ಬದುಕಿದ್ದಷ್ಟು ದಿನ ಸ್ಟೇಷನ್ ಮಾಸ್ಟರ್ ಆಗಿದ್ದರು. ಆದರೆ ಸ್ಟೇಷನ್ ನಡೆಸುತ್ತಿದ್ದದ್ದು ಅತ್ತೆಯೇ ಅಂತ ಪೀಪಿ ಹೇಳುತ್ತಾನೆ. ಈಗಲೂ ಯಾವ ರೈಲು ಎಲ್ಲಿ ನಿಂತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಒಬ್ಬರೇ ಆ ಸ್ಟೇಷನ್ನಿನ ಊರಿನಲ್ಲಿದ್ದು ನಮ್ಮ ಮನೆಯ ಹಾಲು ಉಕ್ಕಿದ್ದನ್ನೂ ಅಲ್ಲಿಂದಲೇ ಕಂಡುಹಿಡಿಯುತ್ತಾರೆ!

"ಏನಮ್ಮಾ, ಗಂಡನ್ನ ಹೋಗೋ ಬಾರೋ ಅಂತೀಯಂತೆ?"

"ಇಲ್ಲ ಅತ್ತೆ, ಯಾರು ಹೇಳಿದ್ದು?"

"ಹಿಂದಿನ ಸಲ ಫೋನ್ ಇಡೋ ಮುಂಚೆ ನೀನೇ ಹೇಳಿದ್ದು. 'ಬಾರೋ, ನಿಮ್ಮಮ್ಮನ ವಿಚಾರಣೆ ಮುಗೀತು' ಅಂತ. ಕಿವಿ ನೆಟ್ಟಗಿದೆ ನಂದು."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಪೀಪಿ ಪಕ್ಕದಲ್ಲಿ ದಿಂಬು ಕಚ್ಚಿಕೊಂಡು ನಗುತ್ತಿದ್ದ. ತೊಡೆಯ ವಿಷಯ ಮಾತ್ರ ಅವರಿಗೆ ಹೇಳಬೇಡ ಅಂತ ನನ್ನ ಕೈಯಲ್ಲಿ ಭಾಷೆ ತಗೊಂಡಿದ್ದಾನೆ. "ಅಮ್ಮ ಬಂದ್ರೆ ನಾನು ಪೇಷಂಟ್ ಆಗ್ಬಿಡ್ತೀನಿ. ಈಗ ಬರೀ ಗಂಡ ಆಗಿದ್ದೀನಿ, ಹಾಗೇ ಇರಲಿ."

ಮಾರ್ಚ್ 5, ಗುರುವಾರ

ಇವತ್ತು ಒಬ್ಬಳು ಹೆಂಗಸು, ಭುಜದ ಮೇಲೆ ನಿಂಬೆಹಣ್ಣಿನಷ್ಟು ಗಂಟು, ಅಳುತ್ತಲೇ ಒಳಗೆ ಬಂದಳು. ನಮ್ಮಲ್ಲೊಂದು ಬಗೆಯ ಚಿತ್ರವಿದೆ. ಅದರಲ್ಲಿ ಮೈಯೊಳಗಿನ ಕೊಬ್ಬೆಲ್ಲ ಲೈಟ್ ಆರಿಸಿದ ಹಾಗೆ ಕಪ್ಪಾಗುತ್ತದೆ. ಚರ್ಮದಡಿಯ ಕೊಬ್ಬಿನ ಜೊತೆಗೆ ಗಂಟೂ ಪೂರ್ತಿ ಆರಿಹೋದರೆ ಅದು ಬಡಪಾಯಿ ಕೊಬ್ಬಿನ ಗಂಟು. ಯಾರಿಗೂ ಏನೂ ಮಾಡುವುದಿಲ್ಲ. ಅವಳದು ಪೂರ್ತಿ ಆರಿತು! ಫಲಿತಾಂಶ ಹೇಳುವ ಹಕ್ಕು ನಮಗಿಲ್ಲ. ಆದರೂ ಹೊರಡುವಾಗ ಅವಳ ಚೀಲವನ್ನು ನಾನೇ ಎತ್ತಿ ಕೊಟ್ಟೆ.

ಎಷ್ಟು ಚೆಂದದ ಕೆಲಸ ನನ್ನದು. ಕೊಯ್ಯದೆ, ಚುಚ್ಚದೆ, ಒಳಗಿರುವುದು ಏನು ಅಂತ ಕೇಳುವುದು. ನೀರು ಒಂದು ಥರ ಹೊಳೆಯುತ್ತದೆ, ಕೊಬ್ಬು ಒಂದು ಥರ. ಹಳೆಯ ರಕ್ತದ ಸುತ್ತ ಕಾವಲಿಯ ಅಂಚಿನ ಮಸಿಯ ಹಾಗೆ ಕಪ್ಪು ಗೆರೆ ಬರುತ್ತದೆ. ಪೀಪಿಯ ಚಿತ್ರದಲ್ಲಿ ಆ ಗೆರೆ ಇತ್ತು. ಸುತ್ತಲೂ ಇರಲಿಲ್ಲ, ಒಂದು ಕಡೆ ಇತ್ತು.

ಅವನ ಟ್ರ್ಯಾಕ್ ಪ್ಯಾಂಟುಗಳು ಒಗೆದು ಒಗೆದು ಬಿಗಿಯಾಗಿವೆ. ಎಡಗಾಲಿನ ಕಡೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಕಳಪೆ ಬಟ್ಟೆ.

ಮಾರ್ಚ್ 24, ಮಂಗಳವಾರ

ಆರು ವಾರ ಆಯಿತಲ್ಲ, ಸ್ಕ್ಯಾನ್ ಮಾಡಿಸೋಣ ಅಂದುಕೊಂಡೆವು. ಆಗಲಿಲ್ಲ. ಹೋದ ವಾರ ಮೆಷಿನ್ ಕೆಟ್ಟು, ದೂರದಿಂದ ಬಂದ ಪೇಷಂಟ್‌ಗಳೆಲ್ಲ ಕಾಯುತ್ತಿದ್ದಾರೆ. ನಮ್ಮದೇನು, ಯಾವತ್ತು ಬೇಕಾದರೂ ಆಗುತ್ತದೆ, ಬೀಗದ ಕೈ ನನ್ನ ಹತ್ತಿರವೇ ಇದೆ. "ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದ್ದು ನನ್ನ ಕಾಲಿಗೇ ಇರಬೇಕು ಕಣೇ" ಅಂದ ಪೀಪಿ.

ರಾತ್ರಿ ಊಟವಾದ ಮೇಲೆ ಕೈಯಿಟ್ಟು ನೋಡಿದೆ. ಮೊದಲು ನನ್ನ ಅಂಗೈ ಅದನ್ನು ಪೂರ್ತಿ ಮುಚ್ಚುತ್ತಿತ್ತು. ಈಗ ಬೆರಳು ಅಗಲಿಸಬೇಕು. ಒಳಗಿನ ರಕ್ತ ಕರಗಿ ಹರಡುವಾಗ ಹೀಗಾಗುತ್ತದೆ ಅಂತ ಎಲ್ಲೋ ಓದಿದ ನೆನಪು.

ಏಪ್ರಿಲ್ 11, ಶನಿವಾರ

ಪೀಪಿ ಇವತ್ತು ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಆಡಿಸಿದನಂತೆ. ಮಕ್ಕಳು "ಮೇಷ್ಟ್ರು ಈಗ ಮಹಾರಾಜರು" ಅಂದರಂತೆ. ನಗುತ್ತಾ ಹೇಳಿದ. ನಾನೂ ನಕ್ಕೆ. ಮೆಟ್ಟಿಲು ಹತ್ತುವಾಗ ಅವನು ಮೊದಲು ಬಲಗಾಲಿಟ್ಟು, ಎಡಗಾಲನ್ನು ಆಮೇಲೆ ಎಳೆದುಕೊಳ್ಳುವುದನ್ನು ಹಿಂದಿನಿಂದ ನೋಡಿದೆ.

ಬುಧವಾರಕ್ಕೆ ಹೆಸರು ಬರೆಸಿದ್ದೇನೆ.

ಏಪ್ರಿಲ್ 15, ಬುಧವಾರ

ಗೂಬೆ ಸಾರ್ ಇಂಟರ್‌ಕಾಮಿನಲ್ಲಿ, "ಈ ಸಲ ನೀನು ಮಾಡಬೇಡ. ಸೀನಿಯರ್ ಟೆಕ್ನಿಷಿಯನ್ ಮಾಡಲಿ. ನೀನು ಒಳಗೆ ಅವನ ಜೊತೆ ನಿಂತ್ಕೋ" ಅಂದರು. ಸೂಜಿ ಹಾಕಿದ್ದೂ ಸೀನಿಯರ್. ಪೀಪಿ ಕಣ್ಣು ಮುಚ್ಚಿ ನನ್ನ ಬೆರಳು ಹಿಂಡಿದ. ಮುಗಿದ ಮೇಲೆ, "ಇಷ್ಟೇನಾ? ಇಷ್ಟಕ್ಕೆ ನೀನು ಅವತ್ತು ಅಷ್ಟು ಮುದ್ದು ಮಾಡಿದ್ಯಾ?" ಅಂದ.

ನಾನು ಕಾಲ ಹತ್ತಿರ ನಿಂತು ಅವನ ಹೆಬ್ಬೆರಳು ಹಿಡಿದುಕೊಂಡೆ. ಇಷ್ಟು ವರ್ಷ ಗಾಜಿನ ಆಚೆ ಕೂತವಳು ನಾನು, ಇವತ್ತು ಮೊದಲ ಸಲ ಈಚೆ. ಪರದೆ ಕಾಣುವುದಿಲ್ಲ. ಆದರೆ ಪ್ರತಿ ಚಿತ್ರಕ್ಕೂ ಮೆಷಿನ್ನಿನ ಸದ್ದು ಬೇರೆ, ಕಿವಿಗೆ ಹತ್ತಿ ತುರುಕಿದ್ದರೂ ನನಗೆ ಗೊತ್ತಾಗುತ್ತದೆ. ಇದು ಕೊಬ್ಬು ಆರಿಸುವುದು. ಇದು ಸೂಜಿಯಲ್ಲಿ ಔಷಧಿ ಬಿಡುವ ಮೊದಲಿನದು. ಇದು ನಂತರದ್ದು. ಇದಾದ ಮೇಲೆ ಮುಗಿಯಬೇಕು.

ಮುಗಿಯಲಿಲ್ಲ. ಅದೇ ಸದ್ದು ಮತ್ತೆ ಶುರುವಾಯಿತು. ಆಮೇಲೆ ಮಂಚ ಮೆಲ್ಲಗೆ ಸರಿಯಿತು, ಸೊಂಟದ ಕಡೆಗೆ. ಹುಡುಕುತ್ತಿದ್ದಾರೆ. ಇನ್ನೆಲ್ಲಾದರೂ ಇದೆಯಾ ಅಂತ ನೋಡುವಾಗ ಮಾತ್ರ ನಾವು ಮಂಚವನ್ನು ಹಾಗೆ ಸರಿಸುವುದು. ತಲೆಯೆತ್ತಿ ಗಾಜಿನ ಕಡೆ ನೋಡಿದೆ. ಸೀನಿಯರ್ ಹಿಂದೆ ಗೂಬೆ ಸಾರ್ ನಿಂತಿದ್ದರು. ತಮ್ಮ ಕೋಣೆ ಬಿಟ್ಟು ಬಂದಿದ್ದರು.

"ಏನೇ, ಇವತ್ತು ಸಿನಿಮಾ ಉದ್ದ ಇದೆಯಲ್ಲ?" ಅಂದ ಪೀಪಿ ಒಳಗಿನಿಂದ.

"ಹೂಂ. ಅಲ್ಲಾಡಬೇಡ" ಅಂದೆ.

ಆಮೇಲೆ ಚಿತ್ರ ತೋರಿಸಿದರು. ಹಳೆಯ ರಕ್ತ ತಾನಾಗಿಯೇ ಸ್ವಲ್ಪ ಹೊಳೆಯುವುದರಿಂದ, ಇಂಜೆಕ್ಷನ್ ನಂತರದ ಚಿತ್ರದಿಂದ ಮೊದಲಿನದನ್ನು ಕಳೆಯುತ್ತಾರೆ. ಏನೂ ಕುಡಿದಿಲ್ಲವಾದರೆ ಪರದೆ ಕಪ್ಪಾಗಿ ಉಳಿಯಬೇಕು. ಉಳಿಯಲಿಲ್ಲ. ಗಂಟಿನ ಗೋಡೆಯ ಒಳಗೆ ದಪ್ಪ ದಪ್ಪ ಗುಬುಟುಗಳು, ಬೆಳ್ಳಗೆ. ರಕ್ತ ಇತ್ತು, ನಿಜ. ಆ ಗಡ್ಡೆಯೇ ಸುರಿಸಿದ ರಕ್ತ.

"ಮೊದಲನೇ ಸಲವೇ ಕೊಟ್ಟಿದ್ರೆ ಕಾಣ್ತಿತ್ತಾ ಸಾರ್?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಾಕಿಕೊಳ್ಳಲಿಲ್ಲ.

ಏಪ್ರಿಲ್ 16, ಗುರುವಾರ

ಕೆಲಸಕ್ಕೆ ಹೋದೆ. ಎಲ್ಲರಿಗೂ ಒಂದೊಂದೇ ಮೀನೆಣ್ಣೆ ಮಾತ್ರೆ ಅಂಟಿಸಿದೆ.

ಏಪ್ರಿಲ್ 27, ಸೋಮವಾರ

ದಪ್ಪ ಸೂಜಿಯಿಂದ ಚೂರು ತೆಗೆದು ನೋಡಿದ್ದರ ಫಲಿತಾಂಶ ಬಂತು. ಸಾರ್ಕೋಮಾ. ಮಾಂಸಖಂಡದಲ್ಲಿ ಹುಟ್ಟುವ ಕ್ಯಾನ್ಸರ್, ಬೇಗ ಬೆಳೆಯುವ ಜಾತಿ.

ಕ್ಯಾನ್ಸರ್ ಆಸ್ಪತ್ರೆಯ ಸರ್ಜನ್ ವಯಸ್ಸಾದ ಹೆಂಗಸು, ಮಾತು ನೇರ. ಎರಡೂ ಸಲದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಫೆಬ್ರವರೀಲಿ ಇಂಜೆಕ್ಷನ್ ಯಾಕೆ ಕೊಟ್ಟಿಲ್ಲ? ಪೇಷಂಟ್ ಒಪ್ಪಲಿಲ್ಲ ಅಂತಿದೆ."

ಪೀಪಿ ನನ್ನ ಕಡೆ ನೋಡಲೂ ಇಲ್ಲ. ಕ್ಲಾಸಿನಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ಕೈಯೆತ್ತಿದ.

"ನಾನೇ ಮೇಡಂ. ಸೂಜಿ ಅಂದ್ರೆ ಭಯ ನಂಗೆ. ಇವಳು ಎಷ್ಟು ಹೇಳಿದ್ರೂ ಕೇಳಲಿಲ್ಲ."

"ಇಷ್ಟು ದೊಡ್ಡ ಮನುಷ್ಯ" ಅಂದರು ಅವರು.

ಬಸ್ ಸ್ಟಾಪಿನಲ್ಲಿ, "ಯಾಕೋ ಹಾಗಂದೆ?" ಅಂತ ಕೇಳಿದೆ. "ಇಬ್ಬರಲ್ಲಿ ಒಬ್ಬರ ಕೆಲಸ ಉಳೀಬೇಕಲ್ಲ" ಅಂದ. ನಂತರ, ನನ್ನ ಮುಖ ನೋಡಿ, "ನಿಜ ಹೇಳ್ಲಾ? ನೀನು ಬೇಡ ಅಂದಾಗ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ಒಪ್ಪಲಿಲ್ಲ ಅನ್ನೋದು ಪೂರ್ತಿ ಸುಳ್ಳಲ್ಲ ಬಿಡು" ಅಂದ.

ಪೂರ್ತಿ ಸುಳ್ಳು. ಕೈ ಚಾಚಿದ್ದ.

ಮೇ 8, ಶುಕ್ರವಾರ

ಎದೆಯ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶದಲ್ಲಿ ಚುಕ್ಕೆಗಳು. ಸರ್ಜನ್ ಈಗ ಆಪರೇಷನ್ ಮಾತು ಆಡುತ್ತಿಲ್ಲ. ಮೊದಲು ಔಷಧಿ, ಆಮೇಲೆ ನೋಡೋಣ ಅಂದರು. ಕಾಲು ಉಳಿಯುತ್ತಾ ಅಂತ ಕೇಳಿದ ಪೀಪಿ. "ನಾನು ಈಗ ಕಾಲಿನ ಬಗ್ಗೆ ಯೋಚನೆ ಮಾಡ್ತಿಲ್ಲ" ಅಂದರು.

ಅತ್ತೆಗೆ ಫೋನ್ ಮಾಡಿ ಅವನೇ ಹೇಳಿದ, ಚಿಕ್ಕದೊಂದು ಗಡ್ಡೆ, ಔಷಧಿ ಶುರುವಾಗಿದೆ ಅಂತ. ಅವರು ರಾತ್ರಿಯ ಗಾಡಿಗೇ ಹೊರಡುತ್ತೇನೆ ಅಂದರು. "ಬೇಡಮ್ಮ, ನಾವೇ ಬರ್ತೀವಿ" ಅಂದ. ಅತ್ತೆ ನನ್ನನ್ನು ಕೇಳಿದರು, "ಅಷ್ಟೇನಾ?" ನಾನು, "ಅಷ್ಟೇ ಅತ್ತೆ" ಅಂದೆ.

ಮೇ 23, ಶನಿವಾರ

ಔಷಧಿಯ ಎರಡನೇ ಸುತ್ತು. ದೊಡ್ಡ ಹಾಲ್, ಸಾಲಾಗಿ ಕುರ್ಚಿಗಳು, ಎಲ್ಲರ ತಲೆಯ ಮೇಲೂ ಬಾಟಲಿ. ನರ್ಸ್ ಬಂದರೆ ಪೀಪಿ ಈಗ ತಾನೇ ಕೈ ಚಾಚುತ್ತಾನೆ. ಕಣ್ಣು ಮುಚ್ಚುವುದಿಲ್ಲ. ಕಿಟಕಿಯ ಕಡೆ ನೋಡುತ್ತಿರುತ್ತಾನೆ. ನಾಳ ಸಿಗದೆ ಮೂರು ಕಡೆ ಚುಚ್ಚಿದರೂ ಮಾತಿಲ್ಲ. "ಒಳ್ಳೇ ಪೇಷಂಟ್" ಅಂದಳು ನರ್ಸ್.

ಸೀಟಿ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದಾನೆ. ಊದಲು ಉಸಿರು ಸಾಲದು.

ಜೂನ್ 12, ಶುಕ್ರವಾರ

ಊಟದ ಹೊತ್ತಿನಲ್ಲಿ ಗೂಬೆ ಸಾರ್ ಕೋಣೆಗೆ ಹೋದೆ. ಬಾಗಿಲು ಹಾಕಿ, ನಿಂತೇ ಹೇಳಿದೆ.

"ಸಾರ್, ಅವತ್ತು ಪೇಷಂಟ್ ಒಪ್ಪಿದ್ದ. ಕೈ ಚಾಚಿದ್ದ. ನಾನೇ ಕೊಡಲಿಲ್ಲ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಯಾರದೋ ಮೊಣಕಾಲು ಇತ್ತು ಅದರಲ್ಲಿ.

"ನನಗೆ ಅನುಮಾನ ಇತ್ತು" ಅಂದರು. "ನಿನ್ನ ದನಿಯಲ್ಲಿ ನಗು ಇತ್ತು ಅವತ್ತು. ಒಪ್ಪದಿರೋ ಪೇಷಂಟ್ ಬಗ್ಗೆ ಹೇಳೋರು ನಗಲ್ಲ. ನಾನು ಎದ್ದು ಬಂದು ನೋಡಬಹುದಿತ್ತು. ಹತ್ತು ಹೆಜ್ಜೆ ಇಲ್ಲ."

"ಬೇಗ ಗೊತ್ತಾಗಿದ್ರೆ ಅವನು ಉಳೀತಿದ್ನಾ?"

"ಗೊತ್ತಿಲ್ಲ."

"ಅಂದಾಜು ಹೇಳಿ ಸಾರ್."

"ನೋಡು, ಗೊತ್ತಿಲ್ಲ ಅನ್ನೋದನ್ನೇ ನಾನು ದಿನಾ ಬೇರೆ ಬೇರೆ ಪದದಲ್ಲಿ ಬರೆಯೋದು. ಇರಬಹುದು, ಕಾಣುತ್ತೆ, ತಳ್ಳಿಹಾಕುವಂತಿಲ್ಲ. ನಿನಗೆ ಅದೇ ಪದ ಹೇಳೋಕೆ ನಾಚಿಕೆ ಆಗುತ್ತೆ. ಆಗಲೇ ಎದೆಗೆ ಹೋಗಿತ್ತೋ, ಆಮೇಲೆ ಹೋಯ್ತೋ, ಆ ಚಿತ್ರದಲ್ಲಿ ಅದು ಇಲ್ಲ. ಯಾರೂ ಹೇಳಲಾರರು."

ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡು ಹೋಗಿದ್ದೆ. ನಡೆದದ್ದನ್ನೆಲ್ಲ ಆಸ್ಪತ್ರೆಯವರಿಗೆ ನಾನೇ ಬರೆದು ತಿಳಿಸುತ್ತೇನೆ, ಏನಾಗುತ್ತೋ ಆಗಲಿ ಅಂದರು. ಹೊರಗೆ ಬಂದಾಗ ಬಿಸಿಲು ಚುರುಕಾಗಿತ್ತು. ಬೆಂಚಿನ ಮೇಲೆ ಕೂತಿದ್ದ ಒಬ್ಬರು ಮುದುಕರು, "ಮಗಳೇ, ನನ್ನ ಸರದಿ ಯಾವಾಗ?" ಅಂದರು. "ಈಗಲೇ ಬನ್ನಿ ಅಪ್ಪಾ" ಅಂದೆ.

ಜೂನ್ 30, ಮಂಗಳವಾರ

ಔಷಧಿ ಕೆಲಸ ಮಾಡುತ್ತಿಲ್ಲ. ಚುಕ್ಕೆಗಳು ಹೆಚ್ಚಾಗಿವೆ. ಇನ್ನು ಮನೆಯಲ್ಲಿ ಇಟ್ಟುಕೊಳ್ಳಿ, ನೋವಿಗೆ ಮಾತ್ರ ಔಷಧಿ ಕೊಡೋಣ ಅಂದರು ಸರ್ಜನ್. ಹಜಾರದ ಕಿಟಕಿ ಪಕ್ಕ ಮಂಚ ಎಳೆದು ಹಾಕಿದ್ದೇನೆ. ಅಲ್ಲಿಂದ ಬೀದಿ ಕಾಣುತ್ತದೆ, ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವುದು ಕಾಣುತ್ತದೆ.

ಸಂಜೆ ಅವನು ಅತ್ತೆಗೆ ಎಲ್ಲ ಹೇಳಿದ. ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದ. ಫೋನಿನ ಸ್ಪೀಕರ್ ಹಾಕಿ ಎದೆಯ ಮೇಲಿಟ್ಟುಕೊಂಡಿದ್ದ. ಕೊನೆಗೆ ಅತ್ತೆ ಕೇಳಿದರು.

"ಮೊದಲೇ ಯಾಕೆ ಗೊತ್ತಾಗಲಿಲ್ಲ? ಅವಳು ಅದೇ ಕೆಲಸ ಮಾಡೋಳು. ಅಂಗೈಲಿ ಬೆಣ್ಣೆ ಇಟ್ಕೊಂಡು ಹೀಗಾ?"

"ಅವಳದ್ದೇನಿಲ್ಲಮ್ಮ. ಅವತ್ತು ಸೂಜಿ ಬೇಡ ಅಂದವನು ನಾನು. ಅದು ಹಾಕಿದ್ರೆ ಗೊತ್ತಾಗ್ತಿತ್ತು."

ಆಗ ಶುರುವಾಯಿತು. "ಅಯ್ಯೋ ಹೇಡಿ! ಚಿಕ್ಕಂದಿನಲ್ಲಿ ಕಾಂಪೌಂಡರ್ ಬಂದ್ರೆ ಗೂಡ್ಸ್ ಷೆಡ್ಡಲ್ಲಿ ಅಡಗಿಕೊಳ್ತಿದ್ದೆ. ಹೊರಗೆಳೆದು ನಾಲ್ಕು ಬಿಟ್ಟಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ. ಒಂದು ಇರುವೆ ಕಚ್ಚಿದಷ್ಟು ನೋವಿಗೆ ಹೆದರಿ ಆ ಹುಡುಗಿ ಬಾಳು ಹಾಳು ಮಾಡಿದ್ಯಲ್ಲೋ, ನಿನ್ನ ಕೈ ಹಿಡಿದಿದ್ದಕ್ಕೆ ಅವಳಿಗೆ ಇದಾ ಸಿಕ್ಕಿದ್ದು? ನನಗೆ ಮುಖ ತೋರಿಸಬೇಡ. ಬರಬೇಡ ಅಂದ್ಯಲ್ಲ, ಬರಲ್ಲ ಹೋಗು."

"ಹೌದಮ್ಮ, ನನ್ನದೇ ತಪ್ಪು" ಅಂದ. ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸಿದ.

ಅತ್ತೆ ಫೋನ್ ಇಟ್ಟ ಮೇಲೆ, "ಬೈಗುಳ ಚೆನ್ನಾಗಿತ್ತಲ್ಲ? ಆರೋಗ್ಯವಾಗಿದ್ದಾರೆ ಅಮ್ಮ" ಅಂದ. ನಾನು ಅನ್ನ ಕಲಸಿಕೊಟ್ಟೆ. ಎರಡು ತುತ್ತು ತಿಂದ.

ಜುಲೈ 2, ಗುರುವಾರ

ಅತ್ತೆಯ ಫೋನ್ ಇಲ್ಲ. ಕಂಟ್ರೋಲ್ ರೂಮ್ ಮೌನ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ಪೀಪಿ ದಿನಕ್ಕೆ ಹಲವು ಸಲ ಫೋನ್ ತೆಗೆದು ನೋಡಿ ಇಡುತ್ತಾನೆ. ಕೇಳಿದರೆ, ಟೈಮ್ ನೋಡಿದೆ ಅನ್ನುತ್ತಾನೆ. ಎದುರಿನ ಗೋಡೆಯಲ್ಲೇ ಗಡಿಯಾರ ಇದೆ.

ಜುಲೈ 4, ಶನಿವಾರ

ಅವನನ್ನು ಒರೆಸಿ ಅಂಗಿ ಬದಲಿಸುವಾಗ ಕೇಳಿದೆ, "ನಿಮ್ಮಮ್ಮನಿಗೆ ನಿಜ ಹೇಳ್ಲಾ?"

"ಬೇಡ."

"ಯಾಕೆ?"

"ನಾನು ಹೋದ ಮೇಲೆ ನಿಮ್ಮಿಬ್ಬರಿಗೆ ಇರೋದು ನೀವಿಬ್ಬರೇ." ಉಸಿರು ತಗೊಂಡ. "ಅಮ್ಮ ಸತ್ತವನ ಮೇಲೆ ಸಿಟ್ಟು ಮಾಡಿಕೊಂಡ್ರೆ ಒಂದು ವರ್ಷ. ನಿನ್ನ ಮೇಲೆ ಅಂದ್ರೆ ಕೊನೇ ತನಕ. ಲೆಕ್ಕ ನೋಡು."

ಇದೆಲ್ಲ ಯಾವಾಗ ಯೋಚಿಸಿಟ್ಟಿದ್ದನೋ. ಅಂಗಿಯ ಗುಂಡಿ ಹಾಕುತ್ತಾ ನಾನು ಲೆಕ್ಕ ನೋಡಿದೆ. ಅವನ ಲೆಕ್ಕದಲ್ಲಿ ಅವನು ಅಮ್ಮನನ್ನು ನೋಡದೆಯೇ ಹೋಗುತ್ತಾನೆ.

ಜುಲೈ 5, ಭಾನುವಾರ

ಮಧ್ಯಾಹ್ನ ಅವನು ನಿದ್ದೆ ಮಾಡುತ್ತಿದ್ದಾಗ ಅಡುಗೆಮನೆಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗ್ ಆಯಿತು. ಎತ್ತಿ ಹಲೋ ಅನ್ನಲಿಲ್ಲ, ಉಸಿರು ಮಾತ್ರ ಕೇಳಿಸಿತು. ಸುತ್ತಿ ಬಳಸಿದರೆ ಹೇಳಲಾರೆ ಅಂತ ಗೊತ್ತಿತ್ತು.

"ಅತ್ತೆ, ಅವನು ಸೂಜಿ ಬೇಡ ಅನ್ನಲಿಲ್ಲ. ಕೈ ಚಾಚಿದ್ದ. ನಾನೇ ಹಾಕಲಿಲ್ಲ. ಡಾಕ್ಟ್ರಿಗೆ ಸುಳ್ಳು ಹೇಳಿದ್ದೂ ನಾನೇ. ಅವನು ನನ್ನನ್ನ ಉಳಿಸೋಕೆ ಹಾಗಂದ. ಅವನು ಹೇಡಿ ಅಲ್ಲ."

ಆ ಕಡೆ ಎಲ್ಲೋ ದೂರದಲ್ಲಿ ಎಂಜಿನ್ ಕೂಗಿದ್ದು ಕೇಳಿಸಿತು.

"ಯಾಕೆ ಹಾಕಲಿಲ್ಲ?"

"ಕಣ್ಣು ಮುಚ್ಕೊಂಡಿದ್ದ. ಬೆವರುತಿದ್ದ. ನೋಡೋಕಾಗಲಿಲ್ಲ."

ನಾನು ಒಲೆಯ ಕಟ್ಟೆ ಹಿಡಿದುಕೊಂಡು ನಿಂತಿದ್ದೆ. ಬೈದರೆ ಸಾಕು ಅನ್ನಿಸುತ್ತಿತ್ತು. ಅವನಿಗೆ ಬೈದ ಹಾಗೆ ನನಗೂ ಬೈದರೆ ಸಾಕು.

"ನಿನ್ನನ್ನ ನಾನು ಏನೂ ಅನ್ನಲ್ಲ ಈಗ" ಅಂದರು. "ಅಂದ್ರೆ ಕ್ಷಮಿಸಿದೆ ಅಂತಲ್ಲ. ಅದಕ್ಕೆ ಹೊತ್ತಿಲ್ಲ. ನಾಳೆ ಅನ್ನಬಹುದು, ಹತ್ತು ವರ್ಷ ಬಿಟ್ಟು ಅನ್ನಬಹುದು, ಕೇಳಿಸ್ಕೊಬೇಕು ನೀನು."

"ಕೇಳಿಸ್ಕೊತೀನಿ."

"ಮಲಗಿದ್ದಾನಾ?"

"ಹೂಂ."

"ಎಡಕ್ಕೆ ಹೊರಳಿಯಾ, ಬಲಕ್ಕಾ?"

ಬಾಗಿಲಿಗೆ ಹೋಗಿ ನೋಡಿದೆ. "ಬಲಕ್ಕೆ. ಕೈ ಮಂಚದ ಆಚೆ ಬಿಟ್ಟಿದ್ದಾನೆ."

"ಹಾಗೇ ಮಲಗೋನು" ಅಂದರು. ದನಿ ಅಲ್ಲಿ ಒಡೆಯಿತು. ನಾನು ಫೋನ್ ಹಿಡಿದು ನಿಂತೇ ಇದ್ದೆ. ಅವರು ಇಡಲಿಲ್ಲ, ನಾನೂ ಇಡಲಿಲ್ಲ. ಬಹಳ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡು, ಎಂದಿನ ದನಿಯಲ್ಲಿ, ರಾತ್ರಿ ಎಕ್ಸ್‌ಪ್ರೆಸ್ ವಾರಪೂರ್ತಿ ರದ್ದಾಗಿದೆ, ನಾಳೆ ನಾಡಿದ್ದರ ಗಾಡಿಗಳಲ್ಲಿ ಕಾಲಿಡಲು ಜಾಗವಿಲ್ಲ, ಜಾಗ ಇರೋ ಗಾಡಿಗೆ ಬರುತ್ತೇನೆ, ಸ್ಟೇಷನ್ನಿಗೆ ನೀನು ಬರಬೇಡ, ಅವನೊಬ್ಬನನ್ನೇ ಬಿಡಬೇಡ, ದಾರಿ ನನಗೆ ಗೊತ್ತು ಅಂದರು.

ಅವನು ಎದ್ದ ಮೇಲೆ, ಅಮ್ಮ ಬರುತ್ತಾರಂತೆ ಅಂತ ಹೇಳಿದೆ. ಏನು ಹೇಳಿಬಿಟ್ಟೆ ಅಂತ ಅವನು ಕೇಳಲಿಲ್ಲ, ನನ್ನ ಮುಖ ನೋಡಿದ, ಗೊತ್ತಾಯಿತು. ಗೋಡೆಯ ಕಡೆ ತಿರುಗಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದಲೇ, "ಯಾವ ಗಾಡಿ?" ಅಂದ.

ಬುಧವಾರ. ಬೆಳಗಿನ ಪ್ಯಾಸೆಂಜರ್, ಎಂಜಿನ್‌ನಿಂದ ಮೂರನೇ ಡಬ್ಬಿ.